ಅಪ್ಪನ ಗೋಣಿಚೀಲ ಮತ್ತು ಕಡಲಿನ ಗಾಳಿ

ಕೊಡಗಿನ ಕೇಳುಗರಿಗೆ ನಮಸ್ಕಾರ. ಕಣದಲ್ಲಿ ಕಾಫಿ ಹರಡುತ್ತಾ ರೇಡಿಯೋ ಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು. ಮಾತು ಅಲ್ಲಿಂದಲೇ ಶುರು.

ನಾನು ಹುಡುಗನಾಗಿದ್ದಾಗ ಒಂದು ವರ್ಷ ಜನವರಿಯಲ್ಲೇ ಮಳೆ ಬಂತು. ಕಣದಲ್ಲಿದ್ದ ರೋಬಸ್ಟಾ ಚೆರಿ ಅರ್ಧ ಒಣಗಿತ್ತು, ಅರ್ಧ ಹಸಿ. ಅಪ್ಪ ಹಸಿಯದನ್ನು ಚೀಲದ ತಳಕ್ಕೆ ಸುರಿದರು. ಗಲಗಲ ಎನ್ನುವ ಒಣ ಚೆರಿಯನ್ನು ಮೇಲೆ ತುಂಬಿ ಬಾಯಿ ಹೊಲಿದರು. ಅಪ್ಪ ಈಗಿಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ವ್ಯಾಪಾರಿ ಬಂದವನು ಮೇಲಿನದನ್ನು ಮುಟ್ಟಲೂ ಇಲ್ಲ. ಮೊನೆಯಿದ್ದ ಟೊಳ್ಳು ಕೊಳವೆ ತೆಗೆದು ಮೇಲೊಮ್ಮೆ, ನಡುವೊಮ್ಮೆ, ತಳಕ್ಕೊಮ್ಮೆ ಚುಚ್ಚಿದ. ಅಂಗೈಗೆ ಸುರಿದುಕೊಂಡ. ಹಲ್ಲಲ್ಲಿ ಕಚ್ಚಿದ. "ಸಾವ್ಕಾರ್ರೇ, ಒಂದೇ ಚೀಲದಲ್ಲಿ ಎರಡು ತೋಟ ಇದೆಯಲ್ಲ?" ಎಂದ.

ಕಡಲಿನ ಮೇಲಿನ ಗಾಳಿಯೂ ಅಂಥದ್ದೇ ಚೀಲ. ಅದರೊಳಗೆ ಏನಿದೆ ಎಂದು ನೋಡಲು ವಿಜ್ಞಾನಿಗಳು ವಿಮಾನ ಹಾರಿಸುತ್ತಾರೆ ಅಂದರೆ, "ಉಪಗ್ರಹ ಇದೆಯಲ್ಲ ಸಾರ್, ವಿಮಾನ ಯಾಕೆ?" ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಎಷ್ಟು ಸಲ ಹೇಳಲಿ? ಉಪಗ್ರಹ ನೋಡುವುದು ಚೀಲವನ್ನು ಹೊರಗಿನಿಂದ. ಒಳಗಿನದು ಬೇಕಾದರೆ ಚುಚ್ಚಿ ನೋಡಬೇಕು.

ನಾಸಾದವರು ಚುಚ್ಚಿದರು. 2016ರಿಂದ 2018ರ ನಡುವೆ, ನಾಲ್ಕು ಋತುಗಳಿಗೆ ನಾಲ್ಕು ಸುತ್ತು. ಡಿಸಿ-8 ವಿಮಾನದ ತುಂಬ ಯಂತ್ರಗಳು. ಪೆಸಿಫಿಕ್ ಮೇಲೆ ದಕ್ಷಿಣಕ್ಕೆ, ಅಟ್ಲಾಂಟಿಕ್ ಮೇಲೆ ವಾಪಸ್. ನೀರಿನಿಂದ ಬರೀ 200 ಮೀಟರ್ ಮೇಲಕ್ಕೆ ಇಳಿಯುವುದು, 12 ಕಿಲೋಮೀಟರಿಗೆ ಏರುವುದು, ಮತ್ತೆ ಇಳಿಯುವುದು. ಸುಮಾರು ಏಳು ತಡಿಯಂಡಮೋಳ್ ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು ಎತ್ತರ, ದಿನವಿಡೀ! ಒಳಗಿದ್ದವರ ಹೊಟ್ಟೆಯ ಪಾಡು ನಮ್ಮ ಘಾಟಿಯ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕವರಿಗೆ ಗೊತ್ತು.

ಜನರೇ ಇಲ್ಲದ ಕಡೆ ಯಾಕೆ? ಗಾಳಿ ತನ್ನ ಕೊಳೆ ತೊಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಬಿಸಿಲು, ಓಝೋನ್, ನೀರಾವಿ ಸೇರಿ ಹೈಡ್ರಾಕ್ಸಿಲ್ ಹುಟ್ಟುತ್ತದೆ, ಅದೇ ಗಾಳಿಯ ಸಾಬೂನು ಅನ್ನಿ. ಅದರ ಆಯುಸ್ಸು ಸೆಕೆಂಡಿನ ಲೆಕ್ಕ. ನಮ್ಮ ಗದ್ದೆಯಿಂದ, ದನದ ಬಾಯಿಂದ ಹೊರಟ ಮೀಥೇನನ್ನು ಮುಗಿಸುವುದು ಮುಖ್ಯವಾಗಿ ಅದೇ. ಆದರೂ ಗಾಳಿಗೆ ಸೇರಿದ ಮೀಥೇನ್ ಮುಗಿಯಲು ಸುಮಾರು 10 ವರ್ಷ ಬೇಕು.

ನಮ್ಮ ಪಕ್ಕದ ಕಡಲನ್ನೂ ಚುಚ್ಚಿದ್ದಾರೆ. 1999ರ ಇಂಡೋಎಕ್ಸ್, ಅಂದರೆ ಹಿಂದೂ ಮಹಾಸಾಗರದ ಗಾಳಿಯ ಅಧ್ಯಯನ, ಮಾಲ್ಡೀವ್ಸ್‌ನಿಂದ ಹಾರಾಟ. ಚಳಿಗಾಲದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದಲ್ವಾ? ನೀರಿನ ಮೇಲೆ ಕಂದು ಮಬ್ಬು, ಸುಮಾರು 3 ಕಿಲೋಮೀಟರ್ ದಪ್ಪ. ನಮ್ಮ ಕಡೆಯ ಒಲೆ, ಲಾರಿ, ಕಾರ್ಖಾನೆಗಳ ಹೊಗೆ.

ಮುಂಗಾರಿನ ಗಾಳಿಯೊಳಗೇ ವಿಮಾನ ಹಾರಿಸಿದ 1979ರ ಮೋನೆಕ್ಸ್ ಎಂಬ ಮುಂಗಾರು ಅಧ್ಯಯನದ ಕಥೆಯೂ ಇತ್ತು. ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಅಪ್ಪನ ಚೀಲ ಹೊತ್ತು ತಿಂದುಬಿಟ್ಟಿತು. ಅಂದಹಾಗೆ ಅವತ್ತು ಒಂದು ಚೀಲವೂ ಮಾರಾಟವಾಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕಣದಲ್ಲಿ ಹರಡಿದೆವು. ಹರಡಿದ್ದು ನಾನು, ನಿಂತು ನೋಡಿದ್ದು ಅಪ್ಪ. ನಮಸ್ಕಾರ.