ದೆವ್ವದ ಫೋಟೊ: ನೆಗೆಟಿವ್ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಡಾರ್ಕ್ ರೂಮಿನಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಹಳೇ ಫೋಟೊದಲ್ಲಿ ದೆವ್ವ ಕಂಡರೆ ಜನ ನನಗೆ ತೋರಿಸುತ್ತಾರೆ. ಈಗಂತೂ ಮೊಬೈಲಿನಲ್ಲಿ ಕಳಿಸಿ, "ನಿಜವೋ ಸುಳ್ಳೋ, ಬೇಗ ಹೇಳಿ" ಅನ್ನುತ್ತಾರೆ. ನಾನು ಕೇಳುವುದು ಒಂದೇ. ನೆಗೆಟಿವ್, ಅಂದರೆ ಆ ಪ್ರಿಂಟ್ ಹಾಕಿದ ಮೂಲ ಫಿಲ್ಮು ಎಲ್ಲಿ?

ಶಿರಸಿ ಹತ್ತಿರದ ಒಂದು ಮನೆ. ದೇವರ ಕೋಣೆಯಲ್ಲಿ ಒಂದು ಫೋಟೊ. ಜಗಲಿಯಲ್ಲಿ ಮನೆಯ ಹಿರಿಯರು ಕುಳಿತಿದ್ದಾರೆ. ಹಿಂದೆ ಬಾಗಿಲಿನ ಕತ್ತಲಲ್ಲಿ ಬಿಳಿ ಸೀರೆಯ ಹೆಂಗಸು, ಹೊಗೆಯ ಹಾಗೆ. ಮುಖವೇ ಇಲ್ಲ. ತೀರಿಕೊಂಡ ಹೆಂಡತಿ ಬಂದು ನಿಂತಿದ್ದಾರೆ ಅಂತ ಎಲ್ಲರ ನಂಬಿಕೆ. ಸೊಸೆ ನಲವತ್ತು ವರ್ಷದಿಂದ ದಿನಾ ಹೂವಿಡುತ್ತಿದ್ದರು.

ನೆಗೆಟಿವ್ ಕೇಳಿದೆ. ಮೆತ್ತಿನ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಿದ್ದರು. ಆ ಅಂಚಿನಲ್ಲಿ ಏನಿತ್ತು ಅಂತೀರಿ? ಗಾಳಿಮರ, ಸಮುದ್ರದ ಗೆರೆ, ಕೊಡೆ ಹಿಡಿದ ಗಂಡಸು! ದೊಡ್ಡ ಪ್ರಿಂಟ್ ಹಾಕಿ ಒಯ್ದೆ. ಆ ಸೊಸೆ, ಈಗ ಅಜ್ಜಿ, ಭೂತಗನ್ನಡಿ ಹಿಡಿದು ನೋಡಿದರು. ಹೆಸರೇ ಭೂತಗನ್ನಡಿ, ನಗಬೇಡಿ. "ಅಯ್ಯೋ, ಇದು ಇವರ ಕೊಡೆ ಅಲ್ದಾ! ಆ ಹೆಂಗಸು ನಾನೇ. ಮದುವೆಯಾದ ವರ್ಷ ಕಾರವಾರಕ್ಕೆ ಹೋದಾಗಿಂದು!"

ಅತ್ತೆ ಅಂತ ತಿಳಿದು ತಮಗೆ ತಾವೇ ಹೂವಿಟ್ಟಿದ್ದರು.

ಆ ಫೋಟೊ ತೆಗೆದದ್ದು ಹಳೇ ಡಬ್ಬಿಯಂಥ ಬಾಕ್ಸ್ ಕ್ಯಾಮೆರಾದಲ್ಲಿ. ಅದರಲ್ಲಿ ಫಿಲ್ಮಿನ ರೀಲನ್ನು ಕೈಯಿಂದ ತಿರುಗಿಸಬೇಕು, ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ನಂಬರ್ ಬರುವ ತನಕ. ಕಾರವಾರದಲ್ಲಿ ತಿರುಗಿಸಲು ಮರೆತರು. ಮನೆಗೆ ಬಂದು ಅದರ ಮೇಲೇ ಇನ್ನೊಮ್ಮೆ ಒತ್ತಿದರು. ಸುಣ್ಣದ ಗೋಡೆಯ ಬಿಳುಪು ಮುಖವನ್ನು ನುಂಗಿತು. ಕತ್ತಲ ಬಾಗಿಲಲ್ಲಿ ಸೀರೆ ಉಳಿಯಿತು. ಪ್ರಿಂಟ್ ನೋಡಿ ಇದನ್ನೆಲ್ಲ ಹೇಳಲಾಗುತ್ತಿತ್ತಾ?

ಅಯ್ಯೋ, ಸಮಯ ಮುಗಿಯುತ್ತಾ ಬಂತು. ದೆವ್ವದ ಫೋಟೊವನ್ನು ಬೇಕಂತಲೇ ಮಾಡಿದವರೂ ಇದ್ದಾರೆ. ಅಮೆರಿಕದ ವಿಲಿಯಂ ಮಮ್ಲರ್ 1860ರ ದಶಕದಲ್ಲಿ ಇದನ್ನೇ ಕಸುಬು ಮಾಡಿಕೊಂಡಿದ್ದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಕೋರ್ಟಿಗೆ ಎಳೆದರೂ ಬಿಡುಗಡೆಯಾದ. ಇಂಗ್ಲೆಂಡಿನ ವಿಲಿಯಂ ಹೋಪ್‌ನದೂ ಇದೇ ಕಸುಬು. ಅವನಿಗೆ 1922ರಲ್ಲಿ, ದೆವ್ವದ ಸುದ್ದಿಗಳನ್ನು ಪರೀಕ್ಷಿಸುತ್ತಿದ್ದ ಹ್ಯಾರಿ ಪ್ರೈಸ್ ಗುಟ್ಟಾಗಿ ಗುರುತು ಹಾಕಿದ ಗಾಜಿನ ಪ್ಲೇಟು ಕೊಟ್ಟ. ಆಗ ಫಿಲ್ಮಿನ ಬದಲು ಅದರ ಮೇಲೇ ಫೋಟೊ ತೆಗೆಯುತ್ತಿದ್ದರು. ದೆವ್ವ ಬಂದ ಪ್ಲೇಟಿನಲ್ಲಿ ಆ ಗುರುತೇ ಇರಲಿಲ್ಲ, ಅಂದರೆ ಪ್ಲೇಟನ್ನೇ ಬದಲಿಸಿದ್ದ! ನೋಡಿ, ಅಲ್ಲೂ ಸಿಕ್ಕಿಬಿದ್ದದ್ದು ಪ್ಲೇಟಿನಿಂದಲೇ. ಇನ್ನು ಫ್ಲ್ಯಾಶಿನಲ್ಲಿ ಬಿಳಿ ಉಂಡೆ ಕಂಡರೆ ಅದು ಧೂಳು, ಇಲ್ಲವೇ ಮಳೆಹನಿ. ಮುಗಿಯಿತು.

ಹಾಗಾಗಿ ಸುಮ್ನೆ ವಾಟ್ಸಾಪಿನಲ್ಲಿ ಕಳಿಸಬೇಡಿ. ನೆಗೆಟಿವ್ ಹುಡುಕಿ ತನ್ನಿ. ಅಂಚು ಹಿಡಿದು ಎತ್ತಿ, ನಡುವೆ ಬೆರಳು ತಾಗಿಸಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಜಾಸ್ತಿ. ಬೂಷ್ಟಿನ ಕಲೆಯನ್ನೂ ದೆವ್ವ ಅಂದವರಿದ್ದಾರೆ. ಮಳೆ ಹಿಡಿಯುವ ಮೊದಲೇ ಟ್ರಂಕು ತೆಗೆಯಿರಿ. ನಮಸ್ಕಾರ.