ಭಾನುವಾರ ಮಾತ್ರ ಹೋಳಿಗೆ

ಮುಂಬೈಯ ಕನ್ನಡ ಕೇಳುಗರಿಗೆ ನಮಸ್ಕಾರ. ನನಗೆ ಕೊಟ್ಟಿರುವುದು ಐದೇ ನಿಮಿಷ. ಹೇಳಬೇಕಾದದ್ದು ಒಂದೇ ಪದದ ಬಗ್ಗೆ. ನೋಡಿ, ಐದೇ ಅಂದೆ, ಒಂದೇ ಅಂದೆ. ಬಾಲದಲ್ಲಿ ಆ ‘ಏ’ ಇದೆಯಲ್ಲ, ನಮ್ಮ ‘ಮಾತ್ರ’ ಇದೆಯಲ್ಲ, ಇಂಗ್ಲಿಷಿನಲ್ಲಿ ಇವುಗಳ ಕೆಲಸ ಮಾಡುವ ಪದ ಓನ್ಲಿ.

ನಮ್ಮ ‘ಮಾತ್ರ’, ತಾನು ಹಿಡಿಯುವ ಪದ ಆದಮೇಲೆ ಬರುತ್ತದೆ. ಇಂಗ್ಲಿಷಿನ ಓನ್ಲಿ, ತಾನು ಹಿಡಿಯುವ ಪದಕ್ಕಿಂತ ಮೊದಲು ಬರುತ್ತದೆ. ಯಾವುದನ್ನು ‘ಇದಿಷ್ಟೇ’ ಅನ್ನಬೇಕೋ ಅದಕ್ಕೆ ಅಂಟಿಕೊಂಡು, ಅದಕ್ಕಿಂತ ಮೊದಲು. ನನ್ನ ಭಾಷಣ ಮುಗಿಯಿತು. ಉಳಿದದ್ದು ಕಥೆ.

ಇದೇ ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಹುಡುಗರೆಲ್ಲ ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಬೆರಳಲ್ಲಿ ಈರುಳ್ಳಿ ವಾಸನೆ ಇಟ್ಟುಕೊಂಡೇ ಬೆಂಚಿಗೆ ಬರುವವರು. ಅವರಲ್ಲಿ ಕುಂದಾಪುರ ಕಡೆಯವನೊಬ್ಬ ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಒಂದು ದಿನ ಧಣಿಗಳು, ‘ಇನ್ನು ಭಾನುವಾರ ಮಾತ್ರ ಹೋಳಿಗೆ ಮಾಡುವ. ನೀನು ಶಾಲೆಗೆ ಹೋಗುವವ ಅಲ್ವಾ, ಇಂಗ್ಲಿಷಿನಲ್ಲಿ ಬೋರ್ಡು ಬರೆದು ಹಾಕು’ ಅಂದರಂತೆ. ಇವನು ಸೀಮೆಸುಣ್ಣ ಹಿಡಿದು ದಪ್ಪಕ್ಷರದಲ್ಲಿ ಬರೆದ: ‘ವಿ ಮೇಕ್ ಓನ್ಲಿ ಹೋಳಿಗೆ ಆನ್ ಸಂಡೇಸ್.’

ಭಾನುವಾರ ಬೆಳಿಗ್ಗೆ ದಾದರ್ ಪಾರ್ಸಿ ಕಾಲೊನಿಯಿಂದ ಒಬ್ಬ ಅಜ್ಜ ಬಂದರು. ವಾರ ತಪ್ಪದೆ ಇಡ್ಲಿ ತಿನ್ನುವವರು. ಬೋರ್ಡಿನ ಮುಂದೆ ಕೋಲೂರಿ ನಿಂತು ಎರಡು ಸಲ ಓದಿದರು. ‘ಬೆಳಿಗ್ಗೆ ಏಳು ಗಂಟೆಗೆ ಹೋಳಿಗೆ ತಿನ್ನಲಾ?’ ಅಂತ ಬೈದು ಹೊರಟೇಬಿಟ್ಟರು. ಒಳಗೆ ಇಡ್ಲಿ ಪಾತ್ರೆಯಲ್ಲಿ ಹಬೆ ಏಳುತ್ತಿತ್ತು, ಪಾಪ.

ಮರುದಿನ ಹುಡುಗ ನನ್ನನ್ನೇ ಹಿಡಿದ. ‘ಸರ್, ಧಣಿ ಹೇಳಿದ್ದು ಹಾಗೇ ಅಲ್ವಾ? ಮಾತ್ರ, ಆಮೇಲೆ ಹೋಳಿಗೆ. ಓನ್ಲಿ, ಆಮೇಲೆ ಹೋಳಿಗೆ. ತಪ್ಪೇನು?’

ನಾನು ಶಾಲೆಯ ಬೋರ್ಡಿನ ಮೇಲೆ ಕನ್ನಡದಲ್ಲೇ ಎರಡು ಸಾಲು ಬರೆದೆ. ಭಾನುವಾರ ಮಾತ್ರ ಹೋಳಿಗೆ. ಭಾನುವಾರ ಹೋಳಿಗೆ ಮಾತ್ರ. ಓದಿದ. ಮೊದಲನೆಯದರಲ್ಲಿ ಸೋಮವಾರ ಹೋಳಿಗೆ ಇಲ್ಲ. ಎರಡನೆಯದರಲ್ಲಿ ಭಾನುವಾರ ಇಡ್ಲಿ ಇಲ್ಲ. ಧಣಿಗಳ ಮಾತಿನಲ್ಲಿ ‘ಮಾತ್ರ’ ಹಿಡಿದದ್ದು ತನಗಿಂತ ಮೊದಲು ಬಂದ ‘ಭಾನುವಾರ’ವನ್ನು. ಹುಡುಗನ ಇಂಗ್ಲಿಷಿನಲ್ಲಿ ಓನ್ಲಿ ಹಿಡಿದದ್ದು ತನ್ನ ಆಚೆಗಿನ ‘ಹೋಳಿಗೆ’ಯನ್ನು. ಹುಡುಗ ತಾನೇ ಎದ್ದು ಬಂದು, ಓನ್ಲಿಯನ್ನು ಹೋಳಿಗೆ ಪಕ್ಕದಿಂದ ಎಬ್ಬಿಸಿ ಸಂಡೇ ಪಕ್ಕ ಕೂರಿಸಿದ: ‘ವಿ ಮೇಕ್ ಹೋಳಿಗೆ ಓನ್ಲಿ ಆನ್ ಸಂಡೇಸ್.’ ಸರಿಯಾಯಿತು. ಅಷ್ಟರಲ್ಲಿ ಧಣಿಗಳು ಹೋಟೆಲಿನ ಬೋರ್ಡನ್ನೇ ಕಿತ್ತು ಅಟ್ಟಕ್ಕೆ ಹಾಕಿದ್ದರು ಅನ್ನುವುದು ಬೇರೆ ಮಾತು.

ಅಯ್ಯೋ, ಸಮಯ ಜಾಸ್ತಿ ಆಯಿತು. ಬೇಗ ಹೇಳುತ್ತೇನೆ. ‘ಐ ಆ್ಯಮ್ ಕಮಿಂಗ್ ಟುಮಾರೋ ಓನ್ಲಿ’ ಅನ್ನುತ್ತೀರಲ್ಲ, ಅದು ನಮ್ಮ ‘ನಾಳೆಯೇ’. ಇಲ್ಲಿ ಮರಾಠಿಯವರದೂ ‘ಉದ್ಯಾಚ್’, ಹಿಂದಿಯವರದೂ ‘ಕಲ್ ಹೀ’. ಮೂವರೂ ಬಾಲದಲ್ಲೇ ಅಂಟಿಸುವವರು, ಹಾಗಾಗಿ ಈ ಊರಲ್ಲಿ ಯಾರೂ ಯಾರನ್ನೂ ತಿದ್ದುವುದಿಲ್ಲ! ‘ಹೀ ಓನ್ಲಿ ಟೋಲ್ಡ್ ಮಿ’ ಅಂದರೆ ನಮಗೆ ‘ಅವನೇ ಹೇಳಿದ’. ಇಂಗ್ಲಿಷಿನವರಿಗೆ ‘ಅವನು ಹೇಳಿದ ಅಷ್ಟೇ, ಬೇರೇನೂ ಮಾಡಲಿಲ್ಲ’.

ಲೋಕಲ್ ಗಾಡಿಯ ‘ಲೇಡೀಸ್ ಓನ್ಲಿ’ಯಲ್ಲಿ ಕೊನೆಗೆ ಬಂದಿದೆಯಲ್ಲ ಅಂತ ಕೇಳಬೇಡಿ. ಎರಡು ಪದದ ಫಲಕಕ್ಕೆ ಅದರದೇ ದಾರಿ. ಚೆಕ್ಕಿನಲ್ಲಿ ‘ರುಪೀಸ್ ಫೈವ್ ಥೌಸಂಡ್ ಓನ್ಲಿ’ ಅಂತ ಕೊನೆಗೆ ಬರೆಯುವುದು ವ್ಯಾಕರಣಕ್ಕಲ್ಲ, ಆಮೇಲೆ ಯಾರೂ ಏನೂ ಸೇರಿಸದಿರಲಿ ಅಂತ. ಅಲ್ಲಿ ಮಾತ್ರ ದಯವಿಟ್ಟು ನನ್ನ ಪಾಠ ಮರೆತು, ಕೊನೆಯಲ್ಲೇ ಬರೆಯಿರಿ. ನಮಸ್ಕಾರ.