ರೆಕ್ಕೆಯ ತುದಿ ನೋಡಿ: ಚೋಶಿ ಬಂದರಿನ ಗಲ್‌ಗಳು

ಸ್ನೇಹಿತರೇ, ನಮಸ್ಕಾರ.

ಜಪಾನಿಗೆ ಹಕ್ಕಿ ನೋಡಲು ಹೋಗಿದ್ದೆ ಅಂದರೆ ಎಲ್ಲರೂ ಕೇಳುವುದು ಹೊಕ್ಕೈಡೊದ ಹಿಮದಲ್ಲಿ ಕುಣಿಯುವ ಕ್ರೇನ್‌ಗಳ ಬಗ್ಗೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಮೀನಿನ ವಾಸನೆ ತುಂಬಿದ ಒಂದು ಬಂದರಿನ ಬಗ್ಗೆ, ಅಲ್ಲಿನ ಗಲ್ ಅನ್ನುವ ಕಡಲಹಕ್ಕಿಗಳ ಬಗ್ಗೆ.

ಚೋಶಿ ಇರುವುದು ಟೋಕಿಯೊದ ಪೂರ್ವಕ್ಕೆ, ರೈಲಿನಲ್ಲಿ ಸುಮಾರು ಎರಡು ಗಂಟೆ. 322 ಕಿಲೋಮೀಟರ್ ಹರಿದು ಬರುವ ತೋನೆ ನದಿ ಅಲ್ಲೇ ಪೆಸಿಫಿಕ್ ಸಾಗರ ಸೇರುತ್ತದೆ. ದಕ್ಷಿಣದ ಬೆಚ್ಚಗಿನ ಕುರೋಶಿಯೊ ಪ್ರವಾಹ, ಉತ್ತರದ ತಣ್ಣನೆಯ ಓಯಾಶಿಯೊ ಪ್ರವಾಹ ಆ ಕಡಲಲ್ಲಿ ಎದುರಾಗುತ್ತವೆ. ಹಾಗಾಗಿ ಬೂತಾಯಿ, ಬಂಗುಡೆ ರಾಶಿ ರಾಶಿ. ಚಳಿಗಾಲದಲ್ಲಿ ಸೈಬೀರಿಯಾ, ಕಮ್ಚಟ್ಕಾ ಕಡೆಯ ಗಲ್‌ಗಳು ಆ ಮೀನಿಗಾಗಿ ಇಳಿದು ಬರುತ್ತವೆ. ದಕ್ಕೆಯ ಮೇಲೆ, ಶೆಡ್ಡಿನ ಛಾವಣಿಯ ಮೇಲೆ, ದೋಣಿಯ ಅಂಚಿನ ಮೇಲೆ, ಎಲ್ಲಿ ನೋಡಿದರೂ ಅವೇ. ಐದಾರು ಜಾತಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಮೊದಲ ದಿನ ನಾನು ಬೆನ್ನಿನ ಬಣ್ಣ ಹಿಡಿದುಕೊಂಡು ಹೊರಟೆ. ಪುಸ್ತಕದಲ್ಲಿ ಅದು ಸುಲಭವಾಗಿ ಕಾಣುತ್ತದೆ ಅಲ್ವಾ? ಇದು ಕಡು ಬೂದು, ಅದು ತಿಳಿ ಬೂದು. ಒಂದು ಹಕ್ಕಿಯನ್ನು ನೋಡಿ, ಕಡು ಬೂದು ಬೆನ್ನಿನ ಸ್ಲೇಟಿ-ಬ್ಯಾಕ್ಡ್ ಗಲ್ ಅಂತ ಬರೆದುಕೊಂಡೆ. ಅರ್ಧ ನಿಮಿಷದಲ್ಲಿ ಅದು ಪಕ್ಕಕ್ಕೆ ತಿರುಗಿತು. ಬೆನ್ನು ಎರಡು ಪಟ್ಟು ತಿಳಿಯಾಯಿತು. ಅದು ತಿಳಿ ಬೂದು ಬೆನ್ನಿನ ವೇಗಾ ಗಲ್. ಬಿಸಿಲು ಬೀಳುವ ಕೋನ ಬದಲಾದರೆ ಬೂದು ಬಣ್ಣವೂ ಬದಲಾಗುತ್ತದೆ. ಮಧ್ಯಾಹ್ನ ಮೋಡ ಮುಚ್ಚಿದ ಮೇಲೆ ಅದೇ ಸಾಲು ಎಷ್ಟು ಸ್ಪಷ್ಟವಾಗಿ ಕಂಡಿತು ಗೊತ್ತಾ! ಗಲ್ ನೋಡಲು ಮೋಡದ ದಿನವೇ ಒಳ್ಳೆಯದು. ಈಗ ಬಿಸಿಲಿದ್ದರೆ ಬೆನ್ನನ್ನು ಒಂಟಿಯಾಗಿ ನಂಬುವುದಿಲ್ಲ, ಒಂದೇ ದಿಕ್ಕಿಗೆ ನಿಂತ ಎರಡು ಹಕ್ಕಿಗಳನ್ನು ಹೋಲಿಸುತ್ತೇನೆ.

ಹಾಗಾದರೆ ಮೊದಲು ಎಲ್ಲಿ ನೋಡಬೇಕು? ರೆಕ್ಕೆಯ ತುದಿ. ನನ್ನ ಪ್ರಕಾರ ಚೋಶಿಯಲ್ಲಿ ಅದಕ್ಕಿಂತ ದೊಡ್ಡ ಗುರುತಿಲ್ಲ.

ಉಮಿನೆಕೊದಿಂದ ಶುರು ಮಾಡಿ. ಜಪಾನಿಯಲ್ಲಿ ಉಮಿ ಅಂದರೆ ಕಡಲು, ನೆಕೊ ಅಂದರೆ ಬೆಕ್ಕು. ಬೆಕ್ಕಿನ ಹಾಗೇ ಕೂಗುವುದರಿಂದ ಆ ಹೆಸರು. ಇಂಗ್ಲಿಷಿನಲ್ಲಿ ಬ್ಲಾಕ್-ಟೇಲ್ಡ್ ಗಲ್. ಹಳದಿ ಕಾಲು, ಬಿಳಿ ಬಾಲದ ಮೇಲೆ ಅಗಲವಾದ ಕಪ್ಪು ಪಟ್ಟಿ, ಕೊಕ್ಕಿನಲ್ಲಿ ಕಪ್ಪು ಪಟ್ಟೆ, ಅದರ ತುದಿಗೆ ಕೆಂಪು. ರೆಕ್ಕೆಯ ತುದಿ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಉಳಿದ ದೊಡ್ಡ ಗಲ್‌ಗಳಿಗಿಂತ ಗಾತ್ರದಲ್ಲಿ ಸಣ್ಣದು. ಇದನ್ನು ಒಂದು ಗಂಟೆ ಸುಮ್ನೆ ನೋಡಿ. ಕಣ್ಣಿಗೆ ಒಂದು ಅಳತೆಗೋಲು ಸಿಗುತ್ತದೆ.

ಆಮೇಲೆ ತುದಿಯ ಬಣ್ಣ ಹಿಡಿದು ಮುಂದೆ ಹೋಗಿ. ವೇಗಾದ ತುದಿಯೂ ಕಪ್ಪೇ, ಆದರೆ ಅದರಲ್ಲಿ ಬಿಳಿ ಚುಕ್ಕೆಗಳಿವೆ, ಕಾಲು ಗುಲಾಬಿ. ಸ್ಲೇಟಿ-ಬ್ಯಾಕ್ಡ್ ಹಾರಿದಾಗ ಕಪ್ಪು ತುದಿಗೂ ಬೂದು ರೆಕ್ಕೆಗೂ ನಡುವೆ ಬಿಳಿ ಮಣಿಗಳ ಸಾಲು ಕಾಣುತ್ತದೆ. ಹಕ್ಕಿ ನೋಡುವವರು ಅದನ್ನು ಮುತ್ತಿನ ಸರ ಅನ್ನುತ್ತಾರೆ. ರೆಕ್ಕೆಯ ಹಿಂದಿನ ಅಂಚಿಗೆ ಅಗಲವಾದ ಬಿಳಿ ಪಟ್ಟಿಯೂ ಇದೆ. ಅದರ ಕಾಲಿನ ಗುಲಾಬಿ ಎಷ್ಟು ಗಾಢ ಅಂದರೆ ದೂರದಿಂದಲೇ ಕಣ್ಣು ಸೆಳೆಯುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ವಾಶಿ ಕಮೊಮೆ, ಅಂದರೆ ಹದ್ದು-ಗಲ್. ಇಂಗ್ಲಿಷಿನಲ್ಲಿ ಗ್ಲಾಕಸ್-ವಿಂಗ್ಡ್. ದಪ್ಪ ಕೊಕ್ಕು, ಕಪ್ಪು ಕಣ್ಣು. ಅದರ ರೆಕ್ಕೆಯ ತುದಿಯಲ್ಲಿ ಕಪ್ಪೇ ಇಲ್ಲ, ಬೆನ್ನಿನದೇ ಬೂದು ತುದಿಯವರೆಗೂ ಹೋಗುತ್ತದೆ. ಮೊದಲ ಸಲ ಅದನ್ನು ಟೆಲಿಸ್ಕೋಪಿನಲ್ಲಿ ಕಂಡಾಗ ಉಸಿರು ಹಿಡಿದು ನಿಂತುಬಿಟ್ಟೆ. ಅಲ್ಯೂಷಿಯನ್ ದ್ವೀಪಗಳಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದವರೆಗೆ ಗೂಡು ಕಟ್ಟುವ ಹಕ್ಕಿ ಅದು. ಕೊನೆಯದು ಗ್ಲಾಕಸ್ ಗಲ್, ಜಪಾನಿನವರ ಶಿರೊ ಕಮೊಮೆ, ಅಂದರೆ ಬಿಳಿ ಗಲ್. ತುದಿ ಅಚ್ಚ ಬಿಳಿ.

ಇಷ್ಟೂ ಹೇಳಿದ್ದು ಪೂರ್ತಿ ಬೆಳೆದ ಹಕ್ಕಿಗಳಿಗೆ ಮಾತ್ರ. ದೊಡ್ಡ ಜಾತಿಯ ಗಲ್‌ಗಳು ಪೂರ್ತಿ ಬೆಳೆಯಲು ಸುಮಾರು 4 ವರ್ಷ ಬೇಕು. ಅಲ್ಲಿಯವರೆಗೆ ಕಂದು, ಮಚ್ಚೆ, ಅರೆಬರೆ ಬೂದು. ಹಾಗಾಗಿ ಹೆಸರು ಹುಡುಕುವ ಮೊದಲು ವಯಸ್ಸು ಹುಡುಕಿ. ಮೊದಲ ಚಳಿಗಾಲದ ಗ್ಲಾಕಸ್ ಸುಲಭ: ಗುಲಾಬಿ ಕೊಕ್ಕು, ಅದರ ತುದಿ ಮಾತ್ರ ಅದ್ದಿ ತೆಗೆದ ಹಾಗೆ ಕಪ್ಪು. ಅದೇ ವಯಸ್ಸಿನ ಗ್ಲಾಕಸ್-ವಿಂಗ್ಡ್‌ಗೆ ಪೂರ್ತಿ ಕಪ್ಪು ಕೊಕ್ಕು. ಮೈ, ಬಾಲ, ರೆಕ್ಕೆಯ ತುದಿ ಎಲ್ಲವೂ ಹಾಲು ಬೆರೆತ ಕಂದು.

ಕೊನೆಯ ಸಂಜೆ ಅಂಥದೇ ಒಂದು ಮರಿ ಹಗ್ಗದ ಸುರುಳಿಯ ಮೇಲೆ ಕೂತಿತ್ತು. ಮಾಸಿದ ಕಂದು, ಕಪ್ಪು ಕೊಕ್ಕು. ಗ್ಲಾಕಸ್-ವಿಂಗ್ಡ್ ಅಂತಲೇ ಅನ್ನಿಸಿತು. ಆದರೆ ಮಡಿಸಿದ ರೆಕ್ಕೆಯ ತುದಿ ಮೈಗಿಂತ ಸ್ವಲ್ಪ ಕಪ್ಪಗಿತ್ತು. ಅದೊಂದು ಬಿಡಲಿಲ್ಲ. ಮುಕ್ಕಾಲು ಗಂಟೆ ಚಳಿಯಲ್ಲಿ ಕಾದೆ. ಒಂದು ದೋಣಿ ಬಂತು, ಎಲ್ಲ ಗಲ್‌ಗಳೂ ಎದ್ದವು, ಅದೂ ಎದ್ದಿತು. ಬಾಲ ಪೂರ್ತಿ ಕಡು ಕಂದು. ಬಿಚ್ಚಿದ ತುದಿಯಲ್ಲಿ ಗರಿಗಳ ಹೊರ ಅಂಚು ಕಂದು, ಒಳ ಅಂಚು ತಿಳಿ, ಪಟ್ಟೆ ಪಟ್ಟೆಯಾಗಿ. ಸ್ಲೇಟಿ-ಬ್ಯಾಕ್ಡ್‌ನ ಮರಿ. ಬೆರಳು ಮರಗಟ್ಟಿತ್ತು, ಆದರೂ ಆ ಪಟ್ಟೆಗಳನ್ನು ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.